ಬೇಡ ಅನ್ನಲು ಬಿಡದ ಮನೆಗೆ

ಮಂಗಳೂರಿಗೆ ವಾಪಸ್ ಬಂದು ಮೂರು ವಾರ ಆಯ್ತು. ಕಾಲಿನ ಬೊಕ್ಕೆ ಎಲ್ಲ ಒಣಗಿದೆ. ಸಿಕ್ಕಿದವರೆಲ್ಲ ಕೇಳುವುದು ಎಷ್ಟು ನಡೆದಿರಿ ಅಂತ. ನನಗೆ ಹೇಳಬೇಕಾದದ್ದು ನಡೆಯುವ ಮೊದಲು ಒಂದು ಮನೆಯಲ್ಲಿ ಕಳೆದ ಐದು ದಿನದ ಬಗ್ಗೆ. ಅಲ್ಲಿ ಇದ್ದಾಗ ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೆ ಇಲ್ಲಿ ಎಲ್ಲರ ಎದುರು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಸ್ಥಾನ ಸುತ್ತುವ ಯಾತ್ರೆ ಉಂಟು. ಪೂರ್ತಿ ನಡೆದರೆ ಸುಮಾರು 1,200 ಕಿಲೋಮೀಟರ್. ಕೋಬೋ ದೈಶಿ (774–835) ಎಂಬ ಗುರುಗಳ ಹೆಸರಿನಲ್ಲಿ ನಡೆಯುವುದು. ತುಂಡು ತುಂಡಾಗಿ ನಡೆದರೂ ತಪ್ಪಿಲ್ಲ. ಬ್ಯಾಂಕಿನಿಂದ ನಿವೃತ್ತಳಾದ ನನಗೆ ಈಗ 61. ತೊಕುಶಿಮಾ ಜಿಲ್ಲೆಯ ಮೊದಲ 23 ಮಾತ್ರ ಮುಗಿಸಿದೆ, ಅಷ್ಟೇ.

ಒಂದನೇ ದೇವಸ್ಥಾನ ರ್ಯೋಜೆನ್‌ಜಿ. ಅಲ್ಲಿಂದ ಹತ್ತು ನಿಮಿಷ ನಡೆದರೆ ಆ ಮನೆ. ಮಣಿಪಾಲಕ್ಕೆ ಓದಲು ಬಂದಿದ್ದಾಗ ನಮ್ಮಲ್ಲಿ ನೀರುದೋಸೆ ತಿಂದುಹೋದ ಹುಡುಗಿಯ ಅಪ್ಪ ಅಮ್ಮ ಇರುವುದು ಅಲ್ಲಿ. ಒಂದು ರಾತ್ರಿ ಉಳಿದು ಬೆಳಿಗ್ಗೆ ಹೊರಡುವುದು ಅಂತ ಮಾತಾಗಿತ್ತು. ಆದರೆ ಒಸಾಕದಲ್ಲಿ ಇಳಿದಾಗ ನನ್ನ ಬ್ಯಾಗ್ ಬರಲಿಲ್ಲ. ನಾಳೆ ಬರುತ್ತದೆ ಅಂದರು ವಿಮಾನದವರು, ಆ ನಾಳೆ ಮೂರು ದಿನ ಬಿಟ್ಟು ಬಂತು. ಬಸ್ಸು ಅವಾಜಿ ದ್ವೀಪ ದಾಟಿ ನರುತೋ ಸೇತುವೆ ಮೇಲೆ ಬರುವಾಗ ಕೆಳಗೆ ಸಮುದ್ರದ ಸುಳಿ ನೋಡಬೇಕು ಅಂತ ಎಷ್ಟು ಆಸೆ ಇತ್ತು, ಆ ಹೊತ್ತಿಗೆ ಚಳಿ ಜ್ವರ ಹತ್ತಿ ನಾನು ಕಣ್ಣು ಮುಚ್ಚಿ ಕೂತಿದ್ದೆ.

ಹೀಗೆ, ಉಟ್ಟ ಬಟ್ಟೆಯಲ್ಲಿ, ಜ್ವರ ಹೊತ್ತುಕೊಂಡು, ಕೈಯಲ್ಲಿ ಒಂದು ಉಡುಗೊರೆಯೂ ಇಲ್ಲದೆ ಗುರುತಿಲ್ಲದವರ ಬಾಗಿಲಲ್ಲಿ ನಿಂತೆ. ಮಗಳು ಟೋಕಿಯೋದಲ್ಲಿ ಇರುವುದು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಜಪಾನಿ ಬರುವುದಿಲ್ಲ. ಅವರನ್ನು ಒತೋಸಾನ್, ಒಕಾಸಾನ್ ಎಂದೇ ಕರೆದೆ, ಅಪ್ಪ, ಅಮ್ಮ ಅಂತ. ಇಬ್ಬರೂ ನನಗಿಂತ ಚಿಕ್ಕವರು, ಅದು ಬೇರೆ ಮಾತು!

ಒಕಾಸಾನ್, ನೀವು ಆ ರಾತ್ರಿ ಮಣ್ಣಿನ ಪಾತ್ರೆಯಲ್ಲಿ ತಂದುಕೊಟ್ಟದ್ದನ್ನು ನೋಡಿ ನನಗೆ ಅಳು ಬಂತು, ಯಾಕೆ ಅಂತ ನಿಮಗೆ ಗೊತ್ತಾಗಲಿಲ್ಲ. ಅದು ಗಂಜಿ. ನೀವು ಒಕಾಯು ಅಂದಿರಿ. ಜೊತೆಗೆ ಉಪ್ಪಲ್ಲಿ ಹಾಕಿದ ಒಂದು ಹುಳಿ ಹಣ್ಣು, ಉಮೆಬೋಶಿ. ನಮ್ಮೂರಲ್ಲಿ ಜ್ವರ ಬಂದರೆ ಕೊಡುವುದೂ ಅದೇ ಮಾರಾಯ್ರೆ, ಗಂಜಿ ಮತ್ತು ಮಾವಿನ ಮಿಡಿ. ಕುಚ್ಚಲಕ್ಕಿ ಅಲ್ಲ ಅನ್ನುವುದೊಂದು ಬಿಟ್ಟರೆ ಅಮ್ಮನ ಮನೆಯೇ.

ಮೀನು ತಿನ್ನದ ಮಂಗಳೂರಿನವಳು ಅಂದರೆ ಇಲ್ಲೇ ನಗುತ್ತಾರೆ, ಇನ್ನು ಜಪಾನಿನಲ್ಲಿ ಕೇಳಬೇಕಾ? ಅಲ್ಲಿ ಸಾರಿನ ನೀರಿಗೇ ಒಣಮೀನು ಬೀಳುತ್ತದೆ. ನಾನು ಬರೀ ಅನ್ನ ಸಾಕು ಅಂತ ಸನ್ನೆ ಮಾಡಿದೆ. ಮರುದಿನ ನೀರು ಕುಡಿಯಲು ಅಡುಗೆಮನೆಗೆ ಹೋದರೆ ಒಂದು ಪಾತ್ರೆಯಲ್ಲಿ ಕೊಂಬು ಎಂಬ ಸಮುದ್ರದ ಪಾಚಿ, ಒಣ ಅಣಬೆ ನೆನೆಹಾಕಿದ್ದು ಕಂಡಿತು. ಹಿಂದಿನ ರಾತ್ರಿಯೇ ನನಗೋಸ್ಕರ ಬೇರೆ ಸಾರಿಗೆ ಇಟ್ಟದ್ದು. ಹೇಳಲೂ ಇಲ್ಲ, ತೋರಿಸಲೂ ಇಲ್ಲ.

ಒತೋಸಾನ್ ಜಾಸ್ತಿ ಮಾತಿನವರಲ್ಲ. ಜ್ವರ ಬಿಟ್ಟ ಮೇಲೆ ನನಗೊಂದು ಊರುಗೋಲು ತಂದುಕೊಟ್ಟು ದಿನಾ ಸಂಜೆ ಅಭ್ಯಾಸಕ್ಕೆ ನಡೆಸಿದರು. ಸೇತುವೆ ಮೇಲೆ ಕೋಲು ಊರಬಾರದು, ಕೆಳಗೆ ಕೋಬೋ ದೈಶಿ ಮಲಗಿರಬಹುದು. ಮನೆ ಸೇರಿದ ಕೂಡಲೇ ಕೋಲಿನ ತುದಿ ತೊಳೆಯಬೇಕು, ಆಮೇಲೆ ನಿಮ್ಮ ಕಾಲು. ಕೋಲು ಅಂದರೆ ಜೊತೆಗೆ ನಡೆಯುವ ಗುರುವೇ. ಬಂದವರಿಗೆ ಕಾಲು ತೊಳೆಯಲು ನೀರು ಕೊಟ್ಟು, ಕುಡಿಯಲು ಬೆಲ್ಲ ನೀರು ಕೊಡುತ್ತಿದ್ದ ನನ್ನ ಅಜ್ಜಿ ಇದನ್ನು ನೋಡಿದ್ದರೆ ಒಪ್ಪುತ್ತಿದ್ದರು. ದೇವರ ಮುಂದೆ ಹೇಳುವ ಸೂತ್ರವನ್ನೂ ಒತೋಸಾನ್ ಅವರೇ ಕಲಿಸಿದ್ದು. ಕೊನೆಗೆ "ಗ್ಯಾತೇ ಗ್ಯಾತೇ ಹಾರಾಗ್ಯಾತೇ" ಅಂತ ಬಂದಾಗ ನಾನು ನಿಲ್ಲಿಸಿ ಅದನ್ನೇ ಸಂಸ್ಕೃತದಲ್ಲಿ "ಗತೇ ಗತೇ ಪಾರಗತೇ" ಅಂದೆ. ಅವರು ಎರಡು ಸಲ ಹೇಳಿಸಿ ಕೇಳಿದರು. ಮತ್ತೆ ಅವರ ಹಾಗೆಯೇ ಹೇಳಿದರು.

ಅವರು ತೋರಿಸಿದ ಒಂದು ಕಲ್ಲಿನ ಸೇತುವೆ ಮರೆಯುವುದಿಲ್ಲ. 1917ರಿಂದ 1920ರವರೆಗೆ ಅದೇ ಊರಲ್ಲಿ ಜರ್ಮನ್ ಯುದ್ಧಕೈದಿಗಳ ಶಿಬಿರ ಇತ್ತು. ಊರವರು ಅವರಿಂದ ಬ್ರೆಡ್ ಮಾಡುವುದು, ಹಸು ಸಾಕುವುದು ಕಲಿತರಂತೆ. ಸೇತುವೆ ಆ ಕೈದಿಗಳು ಕಟ್ಟಿದ್ದು. ಶತ್ರುವನ್ನೇ ಹಾಗೆ ನೋಡಿಕೊಂಡ ಊರಿಗೆ ಜ್ವರದ ಒಂದು ಮುದುಕಿ ಯಾವ ಲೆಕ್ಕ, ಅಲ್ವಾ?

ಈಗ ನನ್ನ ತಪ್ಪಿನ ವಿಷಯ. ಹೊರಡುವ ದಿನ ದಿಂಬಿನ ಕೆಳಗೆ ಲಕೋಟೆಯಲ್ಲಿ ದುಡ್ಡು ಇಟ್ಟು ಬಂದೆ. ಕೈಯಲ್ಲಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ ಅಂತ ಗೊತ್ತಿತ್ತು. ಎರಡನೇ ದೇವಸ್ಥಾನದ ಮೆಟ್ಟಿಲಲ್ಲಿ ಕೂತಿದ್ದೇನೆ, ಒತೋಸಾನ್ ಏದುಸಿರು ಬಿಡುತ್ತಾ ಸೈಕಲ್ಲಲ್ಲಿ ಬಂದರು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ಅನ್ನದ ಉಂಡೆಗಳ ಪೊಟ್ಟಣ. ಫೋನಲ್ಲಿ ಅನುವಾದ ಮಾಡಿ ತೋರಿಸಿದರು: ಯಾತ್ರಿಕರಿಗೆ ಕೊಡುವುದಕ್ಕೆ ಒಸೆತ್ತಾಯ್ ಅಂತಾರೆ, ಅದನ್ನು ಬೇಡ ಅನ್ನುವ ಹಾಗಿಲ್ಲ, ದುಡ್ಡು ಕೊಡುವ ಹಾಗೂ ಇಲ್ಲ, ನಿಮ್ಮ ಹೆಸರಿನ ಚೀಟಿ ಕೊಡಿ ಸಾಕು. ನಮ್ಮದೋ, ಹಸಿವಾಗಿದ್ದರೂ ಮೂರು ಸಲ "ಬೇಡ, ಈಗಷ್ಟೇ ಊಟ ಆಯ್ತು" ಅನ್ನುವ ಜಾತಿ. ನಾಚಿಕೆ ಆಯ್ತು. ನನ್ನ ಮೊದಲ ಬಿಳಿ ಚೀಟಿ ಬರೆದು ಅವರಿಗೆ ಕೊಟ್ಟೆ. ಅದಾದ ಮೇಲೆ ದಾರಿಯಲ್ಲಿ ಯಾರು ಕಿತ್ತಳೆ ಕೊಟ್ಟರೂ ಬಾಯಿ ಮುಚ್ಚಿ ತೆಗೆದುಕೊಂಡೆ.

12ನೇ ದೇವಸ್ಥಾನದ ಬೆಟ್ಟ ಹತ್ತುವಾಗ ಜೀವ ಬಾಯಿಗೆ ಬಂತು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. 10ನೆಯದು ಕಿರಿಹತಾಜಿ. ಅಲ್ಲಿರುವುದು ಸಾವಿರ ಕೈಯ ಕನ್ನೋನ್, ಅಂದರೆ ಬೌದ್ಧರ ಅವಲೋಕಿತೇಶ್ವರ, ನಮ್ಮ ಕದ್ರಿ ದೇವಸ್ಥಾನದ 968ನೇ ಇಸವಿಯ ಲೋಕೇಶ್ವರ ವಿಗ್ರಹದ ಬಳಗವೇ. ಕೋಬೋ ದೈಶಿ ಹರಿದ ಬಟ್ಟೆಗೆ ತೇಪೆ ಕೇಳಿದಾಗ, ಅಲ್ಲಿಯ ಹುಡುಗಿಯೊಬ್ಬಳು ಮಗ್ಗದಲ್ಲಿದ್ದ ಹೊಸ ಬಟ್ಟೆಯನ್ನೇ ಕತ್ತರಿಸಿ ಕೊಟ್ಟಳಂತೆ.

ಬ್ಯಾಗ್ ಬಂದ ಮೇಲೆ ಒಕಾಸಾನ್‌ಗೆ ಕಿನ್ನಿಗೋಳಿಯ ನೇಕಾರರಿಂದ ತಂದ ಉಡುಪಿ ಸೀರೆ ಕೊಟ್ಟಿದ್ದೆ. ಮೊನ್ನೆ ಮಗಳು ಫೋಟೋ ಕಳಿಸಿದಳು. ಸೀರೆಯನ್ನು ಕತ್ತರಿಸಿ ಅಡುಗೆಮನೆ ಬಾಗಿಲಿಗೆ ಪರದೆ ಮಾಡಿದ್ದಾರೆ! ಹೊಟ್ಟೆ ಒಮ್ಮೆ ಚುರ್ ಅಂದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆಮೇಲೆ ಮಗ್ಗದ ಹುಡುಗಿ ನೆನಪಾಗಿ ಒಬ್ಬಳೇ ನಕ್ಕೆ. ನನ್ನ ಕೋಲು ಅವರ ಮನೆಯ ಮೂಲೆಯಲ್ಲೇ ಇದೆ. ಸೆರಗು ಮಾತ್ರ ಕತ್ತರಿಸದೆ ಎತ್ತಿಟ್ಟಿದ್ದಾರಂತೆ. ನಾನು 24ನೆಯದಕ್ಕೆ ಹೊರಡುವಾಗ ಕೋಲಿನ ತಲೆಗೆ ಅದರಲ್ಲೇ ಟೊಪ್ಪಿ ಹೊಲಿಯುತ್ತಾರಂತೆ.