ಆಶ್ರಮ ಶಾಲೆ ಮಕ್ಕಳ ಕುತ್ತಿಗೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಆಶ್ರಮ ಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ಜೇನುಕುರುಬ, ಬೆಟ್ಟಕುರುಬ ಬುಡಕಟ್ಟಿನ ಮಕ್ಕಳಿಗೆ ಆಟದ ಮೇಷ್ಟ್ರಾಗಿದ್ದೇನೆ. ಕಳೆದ ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು 600 ಮೀಟರ್ ಓಟದ ನಡುವೆ ಏದುಸಿರು ಬಿಡುತ್ತಾ ಕುಳಿತುಬಿಟ್ಟಳು. ನೀರು ಕೊಡಲು ಹೋದವನಿಗೆ ಕಂಡದ್ದು ಅವಳ ಕುತ್ತಿಗೆಯ ಹಿಂಭಾಗ. ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿತ್ತು. 'ಹಾಡಿಗೆ ಹೋದಾಗಲೆಲ್ಲ ಅವ್ವ ತೆಂಗಿನ ನಾರಿನಲ್ಲಿ ಉಜ್ಜುತ್ತಾಳೆ ಸಾರ್, ಕೊಳೆ ಹೋಗುವುದೇ ಇಲ್ಲ' ಎಂದಳು. ಅದು ಕೊಳೆಯಲ್ಲ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ದೇಹದಲ್ಲಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಮುಂದೆ ಸಕ್ಕರೆ ಕಾಯಿಲೆ ಬರಬಹುದು ಎಂಬುದರ ಗುರುತಿರಬಹುದು ಎಂದು ಪರಿಚಯದ ವೈದ್ಯರು ಹೇಳಿದ ಮೇಲೆಯೇ ನನಗೂ ತಿಳಿದದ್ದು. ಸ್ನಾನ ಮಾಡಿಲ್ಲವೆಂದು ಅದುವರೆಗೆ ಎಷ್ಟು ಮಕ್ಕಳನ್ನು ಗದರಿಸಿದ್ದೇನೋ!

ಹಾಡಿಯ ಮಕ್ಕಳೆಂದರೆ ಬಡಕಲು, ರಕ್ತಹೀನತೆ ಎಂಬ ಚಿತ್ರವೊಂದೇ ನಮ್ಮ ತಲೆಯಲ್ಲಿ ಕುಳಿತಿದೆ. ಅದು ಸುಳ್ಳಲ್ಲ. ಆದರೆ ಅಜ್ಜ ಗೆಣಸು ಅಗೆಯುತ್ತಿದ್ದ ಕಾಡಿಗೆ ಮೊಮ್ಮಗನಿಗೆ ಪ್ರವೇಶವಿಲ್ಲ, ಮುದ್ದೆಯ ಜಾಗದಲ್ಲಿ ಅನ್ನ ಬಂದಿದೆ, ಹಾಡಿಯ ಪೆಟ್ಟಿಗೆ ಅಂಗಡಿಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣಗಳು ತೋರಣದಂತೆ ತೂಗುತ್ತಿವೆ. ಸಕ್ಕರೆ ಕಾಯಿಲೆಯ ಭಯ ಈಗ ಹಾಡಿಗೂ ಬಂದಿದೆ.

ಖೇಲೊ ಇಂಡಿಯಾ ದೈಹಿಕ ಸಾಮರ್ಥ್ಯ ಪರೀಕ್ಷೆಯ ಪ್ರಕಾರ ಮಕ್ಕಳ ಎತ್ತರ, ತೂಕ, ಓಟದ ಸಮಯವನ್ನು ನಾನು ಬರೆದಿಡುತ್ತೇನೆ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಅದೇ ಮಗುವನ್ನು ಮತ್ತೊಮ್ಮೆ ತೂಗಿ ಬೇರೆ ಪುಸ್ತಕದಲ್ಲಿ ಬರೆಯುತ್ತದೆ. ಈ ಎರಡು ಪುಸ್ತಕಗಳು ಇಂದಿಗೂ ಮುಖಾಮುಖಿಯಾಗಿಲ್ಲ. ಓಡಲಾಗದ ಮಗು ಯಾವುದು ಎಂದು ನನ್ನನ್ನು ಯಾರೂ ಕೇಳಿಲ್ಲ.

ತಪಾಸಣೆಗೆ ಬರುವವರೇ, ನನ್ನನ್ನು ಕೇಳಿ, ಜೊತೆಗೆ ಮಕ್ಕಳ ಸೊಂಟಕ್ಕೊಂದು ಟೇಪು ಹಿಡಿಯಿರಿ, ಕುತ್ತಿಗೆ ನೋಡಿ. ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಇತ್ತೇ ಎಂದು ವಿಚಾರಿಸಿ. ಅಂಥ ತಾಯಂದಿರ ಮಕ್ಕಳಲ್ಲಿ ಬೊಜ್ಜೂ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದೂ ಹೆಚ್ಚು ಎಂಬುದನ್ನು ನಮ್ಮ ಮೈಸೂರಿನಲ್ಲೇ ವರ್ಷಗಟ್ಟಲೆ ನಡೆದ ಅಧ್ಯಯನ ತೋರಿಸಿದೆ. ಅನುಮಾನ ಬಂದವರಿಗಷ್ಟೇ ಬರಿಹೊಟ್ಟೆಯ ರಕ್ತ ಪರೀಕ್ಷೆ ಸಾಕು. ಬೆಳಿಗ್ಗೆ ಆರಕ್ಕೆ ಬಂದರೆ ಇಡೀ ವಸತಿ ಶಾಲೆಯೇ ಬರಿಹೊಟ್ಟೆಯಲ್ಲಿ ಸಿಗುತ್ತದೆ. ಪಟ್ಟಣದ ಶಾಲೆಗಳಿಗೆ ಈ ಅನುಕೂಲವಿಲ್ಲ.

ಒಂದು ಎಚ್ಚರಿಕೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೊಂದನ್ನೇ ನಂಬಬಾರದು. ಹುಟ್ಟಿನಿಂದಲೇ ಬರುವ ಸಿಕಲ್ ಸೆಲ್ ರಕ್ತಹೀನತೆ ಇರುವವರಲ್ಲಿ ಕೆಂಪು ರಕ್ತಕಣಗಳು ಬೇಗ ಸಾಯುವುದರಿಂದ ಅದು ಸಕ್ಕರೆಯನ್ನು ಕಡಿಮೆ ತೋರಿಸಬಹುದು. 2023ರಲ್ಲಿ ಆರಂಭವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಬುಡಕಟ್ಟು ಮಕ್ಕಳನ್ನು ಹೇಗೂ ಪರೀಕ್ಷಿಸುತ್ತಿದೆ. ಆ ಫಲಿತಾಂಶದ ಚೀಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಮತ್ತೆ, ಸಾಲಿನಲ್ಲಿ ನಿಲ್ಲಿಸಿ ತೂಕವನ್ನು ಗಟ್ಟಿಯಾಗಿ ಕೂಗುವುದು ಬೇಡ. ಕಳೆದ ಬಾರಿ ಹಾಗಾಯಿತು, ಆ ಹುಡುಗಿ ಎರಡು ದಿನ ಮೈದಾನಕ್ಕೇ ಬರಲಿಲ್ಲ.

ನನ್ನ ಓಟದ ಪುಸ್ತಕ ಮುಖ್ಯಶಿಕ್ಷಕರ ಕೊಠಡಿಯ ಬೀರುವಿನಲ್ಲಿದೆ. ಮುಂದಿನ ಸಲ ಬರುವ ತಂಡ ಬೀಗದಕೈ ಕೇಳಿದರೆ ಸಾಕು.

– ಆಟದ ಮೇಷ್ಟ್ರು, ಎಚ್.ಡಿ. ಕೋಟೆ