ಕಾಯಿಲ್ ಹೋಯ್ತು, ಕಾಯಿಲೆ ಹೋಗಲಿಲ್ಲ

ಮಾನ್ಯ ಸಂಪಾದಕರೇ,

ನನ್ನದು 1986ರ ಪ್ರೀಮಿಯರ್ ಪದ್ಮಿನಿ ಕಾರು. ಮಡಿಕೇರಿಯ ಡಿಸೆಂಬರ್ ಚಳಿಗೆ ಬೆಳಿಗ್ಗೆ ಸ್ಟಾರ್ಟೇ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಒಬ್ಬರು ಪ್ಲಗ್, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಬ್ಯಾಟರಿ ಎಲ್ಲ ಬದಲಿಸಿದರು. ಕಾಯಿಲೆ ಮಾತ್ರ ಹಾಗೇ ಉಳಿಯಿತು.

ಕೊನೆಗೆ ನಾನೇ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸುವ ಕಾರ್ಬುರೇಟರಿನ ಮುಚ್ಚಳ ಬಿಚ್ಚಿದೆ. ಅದರೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಫ್ಲೋಟ್ ಬೌಲ್, ಒಣಒಣ! ನಾಲ್ಕೈದು ದಿನ ಗಾಡಿ ನಿಂತರೆ ಅಲ್ಲಿನ ಪೆಟ್ರೋಲ್ ಆವಿಯಾಗುತ್ತದೆ. ಅದನ್ನು ಮತ್ತೆ ತುಂಬಬೇಕಾದ ಪಂಪ್ ಓಡುವುದು ಇಂಜಿನ್ ತಿರುಗಿದರೆ ಮಾತ್ರ. ಪಂಪಿನ ಹಿಂದಿನ ರಬ್ಬರ್ ಹೋಸ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿತ್ತು. ಪೆಟ್ರೋಲ್ ಮೇಲೇರುವಷ್ಟರಲ್ಲಿ ಬ್ಯಾಟರಿ ಸುಸ್ತು. ಇನ್ನೊಂದು ತಮಾಷೆ: ಚಳಿಯಲ್ಲಿ ಸ್ಟಾರ್ಟ್ ಮಾಡಲು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್‌ನ ಕೇಬಲ್ ಸಡಿಲವಾಗಿತ್ತು. ಗುಂಡಿ ಪೂರ್ತಿ ಎಳೆದರೂ ಆ ಕಡೆ ಲಿವರ್ ತಿರುಗುತ್ತಿದ್ದುದು ಅರ್ಧ ಮಾತ್ರ. ಒಬ್ಬರು ಎಳೆದು, ಇನ್ನೊಬ್ಬರು ಬಾನೆಟ್ ಎತ್ತಿ ನೋಡಿದ್ದರೆ ಎರಡು ನಿಮಿಷದ ಕೆಲಸ, ಅಲ್ವಾ?

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಹಳೇ ರಬ್ಬರ್ ಅದನ್ನು ತಾಳುವುದಿಲ್ಲ. ಎಥನಾಲ್ ತಾಳುವ ಹೋಸು, ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಾಂ) ನಮ್ಮಂಥ ಊರುಗಳ ಸ್ಪೇರ್ ಅಂಗಡಿಗಳಿಗೂ ಬರಲಿ. ಎಥನಾಲ್ ಬೆರೆಸದ ಪೆಟ್ರೋಲ್ ಜಿಲ್ಲೆಗೊಂದು ಬಂಕಿನಲ್ಲಾದರೂ ಸಿಗಲಿ.

– ಹಳೇ ಪದ್ಮಿನಿಯ ಯಜಮಾನ, ಮಡಿಕೇರಿ