ಸಹಿ ಹಾಕುವ ಮುಂಚೆ ವಿಮೆಯ ಪುಟ ಓದು

ಪುಣೆ

ಚಿ. ಬಸೂಗೆ ನಿನ್ನ ಕಾಕಾನ ಆಶೀರ್ವಾದಗಳು.

ಚಾಕಣ್‌ನ ಕಾರ್ಖಾನೆಯ ಕರೆಂಟ್ ಪ್ಯಾನಲ್ ಕೆಲಸ ನಿನಗೇ ಸಿಕ್ಕಿತು ಎಂದು ಕೇಳಿ ತುಂಬಾ ಖುಷಿಯಾಯಿತು. ನೀನು ಕಳಿಸಿದ ಕರಾರು ಪೂರ್ತಿ ಓದಿದೆ. ಗೇಟ್ ಪಾಸಿಗೆ ವಿಮೆ ಪಾಲಿಸಿ ಕೇಳುತ್ತಾರೆ, ಯಾವುದಾದರೂ ಅಗ್ಗದ್ದು ಮಾಡಿಸಿ ಕೊಟ್ಟುಬಿಡ್ತೀನಿ ಎಂದಿದ್ದೀಯ. ಅದು ನನಗೆ ಸರಿ ಕಾಣಲಿಲ್ಲ.

ಅವರು ಸುಮ್ನೆ ಕೇಳುವುದಿಲ್ಲ. ಗುತ್ತಿಗೆದಾರನ ಆಳಿಗೆ ಅವರ ಜಾಗದಲ್ಲಿ ಏಟಾದರೆ ಪರಿಹಾರವನ್ನು ಕಾರ್ಖಾನೆಯಿಂದಲೇ ಕೇಳಬಹುದು. 1923ರ ಪರಿಹಾರ ಕಾಯ್ದೆಯ ಕಾಲದಿಂದಲೂ ಇರುವ ನಿಯಮ ಇದು. ಕೊಟ್ಟ ದುಡ್ಡನ್ನು ಅವರು ಆಮೇಲೆ ನಿನ್ನಿಂದ ವಸೂಲಿ ಮಾಡುತ್ತಾರೆ. ಏಟು ತಿಂದ ಹುಡುಗನ ತಾಯಿಗೆ ಉತ್ತರ ಹೇಳಬೇಕಾದವನೂ ನೀನೇ ಅಲ್ವಾ?

ಡಬ್ಲ್ಯೂಸಿ ಪಾಲಿಸಿಯಲ್ಲಿ, ಅಂದರೆ ಆಳುಗಳಿಗೆ ಏಟಾದರೆ ಪರಿಹಾರ ಕೊಡುವ ವಿಮೆಯಲ್ಲಿ, ಏನು ಬರೆಸುತ್ತೀ ಎಂಬುದೇ ಮುಖ್ಯ. ಕೂಲಿ ಎಷ್ಟು, ಕೆಲಸ ಎಂಥದ್ದು ಎನ್ನುವುದರ ಮೇಲೆ ಪ್ರೀಮಿಯಂ ನಿಲ್ಲುತ್ತದೆ. ಅದಕ್ಕೇ ಕೆಲವು ಏಜೆಂಟರು "ಕೂಲಿ ಕಡಿಮೆ ತೋರಿಸೋಣ, ಹೆಲ್ಪರ್ ಅಂತ ಹಾಕೋಣ" ಅನ್ನುತ್ತಾರೆ. ಒಪ್ಪಬೇಡ. ನಿನ್ನ ಹುಡುಗರು ಏಣಿ ಹತ್ತಿ ಕೇಬಲ್ ಟ್ರೇ ಕಟ್ಟುತ್ತಾರೆ, ಪ್ಯಾನಲ್ ಬಿಚ್ಚಿ ಕರೆಂಟ್ ಹರಿಯುವ ಪಟ್ಟಿ, ಅಂದರೆ ಬಸ್‌ಬಾರ್, ಮುಟ್ಟುತ್ತಾರೆ. ಅದನ್ನೇ ಬರೆಸು. ಕೇಬಲ್ ಎಳೆಯಲು ಬೇರೆಯವರ ಆಳುಗಳನ್ನು ಕರೆತಂದರೆ ಅವರನ್ನೂ ಸೇರಿಸಿಕೊಳ್ಳುವಂತೆ ಕೇಳು.

ಈ ಪಾಲಿಸಿ ಆಳುಗಳಿಗಷ್ಟೇ. ಶಾರ್ಟ್ ಆಗಿ ಕಾರ್ಖಾನೆಯವರ ಮೆಷಿನ್ ಸುಟ್ಟರೆ, ಆ ನಷ್ಟ ತುಂಬಿಕೊಡುವ ಲಯಬಿಲಿಟಿ ಪಾಲಿಸಿ ಬೇರೆ ಬೇಕು. ಅದರಲ್ಲೂ ನೀನು ಕೈ ಹಾಕಿದ ಪ್ಯಾನಲ್ಲಿಗೇ ಆದ ಹಾನಿಯನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಆ ಸಾಲನ್ನು ಹುಡುಕಿ ಓದು.

ಕರಾರಿನಲ್ಲಿ 5 ಕೋಟಿಯ ಲಯಬಿಲಿಟಿ ಕೇಳಿದ್ದಾರೆ, ನಿನ್ನ ಕೆಲಸ 4 ಲಕ್ಷದ್ದು. ಇದು ಜಾಸ್ತಿಯಾಯಿತು. ದೊಡ್ಡ ಗುತ್ತಿಗೆದಾರರಿಗೆ ಮಾಡಿದ ಷರತ್ತನ್ನೇ ನಿನಗೂ ಕಳಿಸಿದಂತಿದೆ. ಕೆಲಸ ಕೈ ತಪ್ಪೀತು ಅಂತ ಹೆದರಬೇಡ. ಪರ್ಚೇಸ್‌ನವರಿಗೆ ಮೇಲ್ ಬರೆದು, ಕೆಲಸಕ್ಕೆ ತಕ್ಕಷ್ಟು ಇಳಿಸಿ ಎಂದು ಕೇಳು. ಇಳಿಸದಿದ್ದರೆ ಪ್ರೀಮಿಯಂ ಅನ್ನು ರೇಟಿಗೆ ಸೇರಿಸಿ ಹೊಸ ಕೊಟೇಶನ್ ಕೊಡು. ನ್ಯಾಯವಾಗಿ ಕೇಳಿದವನನ್ನು ಒಳ್ಳೆಯ ಕಂಪನಿ ಬಿಡುವುದಿಲ್ಲ ಎಂದೇ ನನ್ನ ನಂಬಿಕೆ.

ಇನ್ನೊಂದು. ಏಜೆಂಟ್ ವಾಟ್ಸಾಪಿನಲ್ಲಿ "ಆಗಿದೆ ಸರ್" ಎಂದರೆ ಸಾಲದು. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಮುಂಗಡ ಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ. ಪಾಲಿಸಿ ಕೈಗೆ ಬಂದು, ಶುರುವಾಗುವ ತಾರೀಖು ನೋಡುವವರೆಗೆ ಒಬ್ಬ ಹುಡುಗನನ್ನೂ ಒಳಗೆ ಬಿಡಬೇಡ.

ವಿಮೆಯ ಅರ್ಜಿ, ಅಂದರೆ ಪ್ರಪೋಸಲ್ ಫಾರಂ, ತುಂಬಿದ ಮೇಲೆ, ಸಹಿಗೆ ಮುಂಚೆ, ಫೋಟೋ ಕಳಿಸು. ರಾತ್ರಿ ಊಟ ಆದಮೇಲೆ ಕೂತು ಇಬ್ಬರೂ ಫೋನಿನಲ್ಲಿ ಓದೋಣ.

ನಿನ್ನ ಕಾಕಾ